ಸಾಬವ್ವ ಕೂತ ಕಟ್ಟೆ

ನಮ್ಮ ಕಟ್ಟಡದಲ್ಲಿ ಮಗನ ಹುಟ್ಟುಹಬ್ಬಕ್ಕೆ ಪಾರ್ಕಿಂಗ್ ಜಾಗದಲ್ಲೇ ಸ್ಪೀಕರ್ ಹಚ್ಚಿ ಕಿವಿ ಹರಿಯುವಂತೆ ಹಾಡು ಹಾಕಬಹುದು. ಮೂರನೇ ಮಹಡಿಯವರು ಮೆಟ್ಟಿಲ ಮೇಲೆ ಚಪ್ಪಲಿ ಅಂಗಡಿಯನ್ನೇ ತೆರೆದಿಡಬಹುದು. ಮೇಲಿನವರು ಕುಂಡಕ್ಕೆ ಹಾಕಿದ ನೀರು ಕೆಳಗಿನವರು ಒಣಹಾಕಿದ ಹಪ್ಪಳದ ಮೇಲೆ ಬೀಳಬಹುದು. ಇದಕ್ಕೆಲ್ಲ ಸಭೆ ಸೇರಿದ್ದನ್ನು ನಾನು ಕಂಡಿಲ್ಲ. ಸಭೆ ಸೇರಿದ್ದು, ಒಬ್ಬ ಹೆಂಗಸು ಬೆಕ್ಕನ್ನು ತೊಡೆಯ ಮೇಲೆ ಹಾಕಿಕೊಂಡು ತನ್ನ ಮನೆಯ ಕಟ್ಟೆಯ ಮೇಲೆ ಸುಮ್ಮನೆ ಕೂತಳು ಎನ್ನುವ ಕಾರಣಕ್ಕೆ. ಆ ಸಭೆ ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ.

ಆ ಹೆಂಗಸು ಸಾಬವ್ವ. ಪುಣೆಯ ಯೆರವಡಾದ ಈ ಹಳೆಯ ಕಟ್ಟಡದ ನೆಲಮಹಡಿಯಲ್ಲಿ ಅವಳ ಮನೆ, ಅದರ ನೆತ್ತಿಯ ಮೇಲೆ ನನ್ನದು. ನಾನು ತ್ರಿವೇಣಿ, ಧಾರವಾಡದವಳು, ಬ್ಯಾಂಕಿನ ಕೆಲಸ ಮುಗಿಸಿ ಮನೆಯಲ್ಲಿದ್ದೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಇಲ್ಲಿ ಎಲ್ಲರಿಗೂ ಗೊತ್ತು. ಸಾಬವ್ವನಿಗೆ ಸಿಟ್ಟು ಬರುವುದನ್ನು ಮಾತ್ರ ಯಾರೂ ಕಂಡಿರಲಿಲ್ಲ, ಅದಕ್ಕೇ ಎಲ್ಲರಿಗೂ ಅಷ್ಟು ಸಲಿಗೆ.

ಅವಳು ಬೈಲಹೊಂಗಲದ ಕಡೆಯ ಹಳ್ಳಿಯವಳು. ಚನ್ನವೀರನನ್ನು ಮದುವೆಯಾಗಿ ಪುಣೆಗೆ ಬಂದಾಗ ಸೀರೆಯ ನೆರಿಗೆ ಹಿಡಿಯಲು ಇನ್ನೂ ಸರಿಯಾಗಿ ಬರುತ್ತಿರಲಿಲ್ಲವಂತೆ. ಗಂಡನ ಮನೆಯವರದು ಇಲ್ಲಿಯ ಪೇಟೆಯಲ್ಲಿ ಕಿರಾಣಿ ಅಂಗಡಿ. ಮನೆಯಲ್ಲಿ ಮಾವ, ಅತ್ತೆ, ಮೈದುನರು. ಹಿರಿಯರ ಎದುರು ಸೊಸೆ ಕೂಡುವ ಪದ್ಧತಿ ಇರಲಿಲ್ಲ, ಆ ಮನೆಯಲ್ಲಿ ಹಿರಿಯರಿಲ್ಲದ ಮೂಲೆಯೂ ಇರಲಿಲ್ಲ. ತವರಿನಲ್ಲಿ ನೆಲಕ್ಕೆ ಕೂತು ಬಡಿಯುತ್ತಿದ್ದ ರೊಟ್ಟಿಯನ್ನು ಇಲ್ಲಿಯ ಅಡಿಗೆಕಟ್ಟೆಯ ಮುಂದೆ ನಿಂತು ಬಡಿಯಬೇಕಾಯಿತು. ಅಡಿಗೆ ಮುಗಿದರೆ ಅಂಗಡಿ. ಅಲ್ಲಿ ಇದ್ದದ್ದು ಒಂದೇ ಸ್ಟೂಲು, ಅದು ಗಲ್ಲಾದ ಮುಂದೆ, ಅದರ ಮೇಲೆ ಕೂಡುವವನು ಗಂಡಸು. ಸಾಬವ್ವ ತಕ್ಕಡಿಯ ಪಕ್ಕ ನಿಂತು ಬೇಳೆ ತೂಗಿದಳು, ಸಕ್ಕರೆ ತೂಗಿದಳು, ಹೊಟ್ಟೆಯಲ್ಲಿ ಮಗಳಿದ್ದಾಗಲೂ ನಿಂತೇ ತೂಗಿದಳು. ಮಗಳು ರೇಣು ಈಗ ಬೆಳಗಾವಿಯಲ್ಲಿ ಸಂಸಾರಸ್ಥೆ. "ನಮ್ಮವ್ವ ಕೂತದ್ದನ್ನ ನಾ ಫೋಟೊದಾಗಷ್ಟ ನೋಡೇನ್ರಿ" ಎಂದು ಅವಳು ಒಮ್ಮೆ ನನಗೆ ಹೇಳಿದ್ದಳು. ಆ ಫೋಟೊ ಮದುವೆಯದು.

ಅತ್ತೆ ಮಾವ ತೀರಿಕೊಂಡರು, ಮೈದುನರು ಬೇರೆಯಾದರು, ಅಂಗಡಿ ಮೈದುನನ ಮಗ ಮಾಂತುವಿನ ಕೈಗೆ ಹೋಯಿತು. ಚನ್ನವೀರ ಮಾತ್ರ ಚಟ ಬಿಡಲಾರದೆ ದಿನವೂ ಅಂಗಡಿಗೆ ಹೋಗಿ ಅದೇ ಸ್ಟೂಲಿನ ಮೇಲೆ ಕೂತು ಬರುತ್ತಿದ್ದ. ಒಂದು ಸಂಜೆ ಸಾಬವ್ವ ಬಾಗಿಲ ಮುಂದಿನ ಕಟ್ಟೆಯನ್ನು ತೊಳೆದು, ಅದರ ಮೇಲೆ ಗೋಣಿತಟ್ಟನ್ನು ಮಡಚಿ ಹಾಸಿ, ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿದಳು.

"ಇನ್ನ ನಾ ಕೂಡ್ತೀನಿ" ಎಂದಳು.

ಅಂಗಡಿಯಿಂದ ಬಂದ ಚನ್ನವೀರ ಚಹಾ ಕೇಳಿದ. "ಸಕ್ರಿ ಡಬ್ಬಿ ಬಲಕ್ಕ ಅದ" ಎಂಬ ಉತ್ತರ ಬಂತು. ನಾನು ಮೇಲೆ ಬಾಲ್ಕನಿಯಲ್ಲಿ ನಿಂತಿದ್ದೆ. ಚಪ್ಪಾಳೆ ಹೊಡೆಯಬೇಕು ಅನ್ನಿಸಿತು. ಚನ್ನವೀರ ಒಳಗೆ ಹೋಗಿ ಹುಡುಕಾಡಿ ಇಬ್ಬರಿಗೂ ಚಹಾ ಮಾಡಿ ತಂದ. ಅವನು ಕೆಟ್ಟವನಲ್ಲ. ಯಾರೂ ಹೇಳದಿದ್ದರೆ ಅವನಿಗೆ ಯಾವುದೂ ಕಾಣುವುದಿಲ್ಲ, ಅಷ್ಟೇ.

ಪುಟ್ಟಿ ಆ ಕಟ್ಟೆಗೆ ಬಂದದ್ದೂ ಅಂಗಡಿಯಿಂದಲೇ. ಇಲಿ ಹಿಡಿಯಲೆಂದು ಮಾಂತು ಎಲ್ಲಿಂದಲೋ ತಂದ ಮರಿ ಅದು. ಇಲಿ ಕಂಡರೆ ಅದೇ ಓಡಿಹೋಗಿ ಅಕ್ಕಿ ಮೂಟೆಯ ಹಿಂದೆ ಅಡಗುತ್ತಿತ್ತಂತೆ. ಹೊರಗೆ ಹಾಕುತ್ತೇನೆಂದು ಮಾಂತು ಎದ್ದಾಗ ಚನ್ನವೀರ ಚೀಲದಲ್ಲಿಟ್ಟುಕೊಂಡು ಮನೆಗೆ ತಂದ. ಮೈಯೆಲ್ಲ ಬೂದಿಬಣ್ಣ, ಕೊರಳ ಕೆಳಗೆ ಬಿಳಿ, ಬಾಲದ ತುದಿ ಬಾಗಿಲ ಕೊಂಡಿಯ ಹಾಗೆ ಡೊಂಕಾಗಿತ್ತು. "ಇದೂ ನನ್ನಂಗ ಅಂಗಡಿ ಬಿಟ್ಟು ಬಂದದ್ದು, ಬಾಯಾರ" ಎಂದು ಸಾಬವ್ವ ಅದನ್ನು ನನಗೆ ಪರಿಚಯ ಮಾಡಿಕೊಟ್ಟಳು.

ಅಲ್ಲಿಂದ ಇಬ್ಬರ ಸಂಜೆಯೂ ಒಂದೇ. ಬಿಸಿಲು ಎದುರಿನ ಕಟ್ಟಡದ ಹಿಂದೆ ಸರಿಯುವ ಹೊತ್ತಿಗೆ ಸಾಬವ್ವ ಬಂದು ಕೂಡುವಳು, ಪುಟ್ಟಿ ತೊಡೆ ಏರಿ ಸುರುಳಿ ಸುತ್ತಿಕೊಳ್ಳುವುದು. ಅವಳ ಕೈಯಲ್ಲಿ ಆರಿಸಲು ಅಕ್ಕಿಯಿಲ್ಲ, ಬಿಡಿಸಲು ಮೆಂತೆಸೊಪ್ಪಿಲ್ಲ, ಮೊಬೈಲೂ ಇಲ್ಲ. ಬೆಕ್ಕಿನ ಕಿವಿಯ ಹಿಂದೆ ಬೆರಳಾಡಿಸುತ್ತ ಹೋಗಿಬರುವವರನ್ನು ನೋಡುವಳು, ಆಗಾಗ ಕಣ್ಣು ಮುಚ್ಚುವಳು. ಬೆಕ್ಕಿನ ಗುರುಗುರು ಸದ್ದು ಒಮ್ಮೊಮ್ಮೆ ನನ್ನ ಬಾಲ್ಕನಿಗೂ ಕೇಳುತ್ತಿತ್ತು. ಒಬ್ಬ ಹೆಂಗಸು ಇಷ್ಟು ಪೂರ್ತಿಯಾಗಿ ಆರಾಮವಾಗಿರುವುದನ್ನು ನೋಡಿದರೆ ನೋಡುವವರ ಮೈಯೂ ಹಗುರವಾಗಬೇಕು. ನಮ್ಮ ಕಟ್ಟಡದ ಕೆಲವರಿಗೆ ಅದು ಕಣ್ಣಲ್ಲಿ ಬಿದ್ದ ಕಸ. "ಕೂತೇ ಇರ್ತಾಳೆ ನೋಡಿ" ಎನ್ನುತ್ತಿದ್ದರು, ಕದಿಯುತ್ತಾಳೆ ಎನ್ನುವ ದನಿಯಲ್ಲಿ.

ಇನ್ನು ಸಾಬವ್ವ ಮಾಡಿದ ತಪ್ಪನ್ನೂ ಹೇಳಬೇಕು. ತಪ್ಪು ಎಂದು ಲೋಕ ಅನ್ನುತ್ತದೆ, ನಾನು ಅನ್ನುವುದಿಲ್ಲ. ಮೆಟ್ಟಿಲಿನಿಂದ ಗೇಟಿಗೆ ಹೋಗುವ ದಾರಿ ಅವಳ ಕಟ್ಟೆಯ ಮುಂದೆಯೇ ಹಾದುಹೋಗುತ್ತದೆ. ಪುಟ್ಟಿಯ ಹಾಲಿನ ಬಟ್ಟಲು ಕಟ್ಟೆಯ ಮೇಲೆ, ಅದು ಉಗುರು ಕೆರೆಯುವ ಬೇವಿನ ಮರ ದಾರಿಯ ಆಚೆ. ಹೀಗಾಗಿ ಅದು ದಿನಕ್ಕೆ ಎಷ್ಟೋ ಸಲ ದಾರಿ ದಾಟುವುದು. ಸಾಬವ್ವನ ತವರಿನ ಓಣಿಯಲ್ಲಿ ಒಂದು ಪದ್ಧತಿ ಇತ್ತಂತೆ. ಯಾರ ಮನೆಯ ಬೆಕ್ಕು ಅಡ್ಡ ಬಂತೋ ಆ ಮನೆಯವರೇ ದಾರಿಹೋಕರನ್ನು ಕರೆದು ಕೂಡಿಸಿ, ಬೆಲ್ಲ ನೀರು ಕೊಟ್ಟು ಕಳಿಸಬೇಕು. ಅಲ್ಲಿಗೆ ಅಪಶಕುನ ಕಳೆಯಿತು. ಅಡ್ಡ ಬಂದ ಬೆಕ್ಕಿನ ನೆಪದಲ್ಲಿ ದಣಿದವನಿಗೆ ಒಂದು ಗಳಿಗೆ ನೆರಳು, ಇಷ್ಟೇ ಅದರ ಅರ್ಥ. ಸಾಬವ್ವ ಕಟ್ಟೆಯ ಮೇಲೆ ತಂಬಿಗೆಯ ತುಂಬ ನೀರು, ತಾಟಿನಲ್ಲಿ ಬೆಲ್ಲದ ಚೂರು ಇಟ್ಟುಕೊಂಡೇ ಕೂಡುತ್ತಿದ್ದಳು. ಪುಟ್ಟಿ ದಾಟಿತೋ, "ಮಾಂಜರ ಆಡವಂ ಗೇಲಂ, ಥೋಡಂ ಬಸಾ, ಪಾಣೀ ಪ್ಯಾ" ಎಂದು ತನ್ನ ಮರಾಠಿಯಲ್ಲಿ ಕರೆಯುವಳು, ಬೆಕ್ಕು ಅಡ್ಡ ಬಂತು, ಸ್ವಲ್ಪ ಕೂತು ನೀರು ಕುಡಿಯಿರಿ ಎಂದು. ಕೊರಿಯರಿನವರು, ಹಾಲಿನವರು, ಪೇಪರಿನವರು ಸಂತೋಷದಿಂದ ಕೂತು ಕುಡಿದು ಹೋಗುವರು. ಗಡಿಬಿಡಿಯಲ್ಲಿದ್ದ ಕಟ್ಟಡದವರಿಗೆ ಮಾತ್ರ ಆ ಕರೆ ಬೇರೆಯಾಗಿ ಕೇಳಿಸಿತು. ಅದುವರೆಗೆ ಬೆಕ್ಕನ್ನು ಕಣ್ಣೆತ್ತಿ ನೋಡದವರಿಗೂ, ಓಹೋ, ನನಗೆ ಇವತ್ತು ಬೆಕ್ಕು ಅಡ್ಡ ಬಂದಿದೆ ಎಂದು ದಿನವೂ ಗೊತ್ತಾಗತೊಡಗಿತು.

ಗೊತ್ತಾದ ಮೇಲೆ ಕೇಳಬೇಕೆ? ಸ್ಕೂಟರ್ ಪಂಕ್ಚರ್ ಆಗಿದ್ದು ಬೆಕ್ಕಿನಿಂದ. ನಾಲ್ಕನೇ ಮಹಡಿಯವನಿಗೆ ಬಡ್ತಿ ತಪ್ಪಿದ್ದು ಬೆಕ್ಕಿನಿಂದ. ಅವನು ಮಗರಪಟ್ಟಾದ ಆಫೀಸಿಗೆ ದಿನವೂ ಊಟದ ಹೊತ್ತಿಗೆ ತಲುಪುತ್ತಿದ್ದ ಎನ್ನುವುದು ಯಾರಿಗೂ ನೆನಪಾಗಲಿಲ್ಲ. ಕುಣಿಯಲು ಬಾರದವಳಿಗೆ ನೆಲ ಡೊಂಕು ಎನ್ನುತ್ತಾರಲ್ಲ, ನಮ್ಮ ಕಟ್ಟಡದಲ್ಲಿ ನೆಲದ ಬದಲು ಬೆಕ್ಕು ಸಿಕ್ಕಿತು.

ಕಡೆಗೆ ಬಂದದ್ದು ಅವಧೂತನ ಮಗಳ ಮದುವೆಯ ಮಾತು. ಅವಧೂತ ನಮ್ಮ ಸೊಸೈಟಿಯ ಸೆಕ್ರೆಟರಿ, ಖರಾಡಿಯ ಒಂದು ಕಂಪನಿಯಲ್ಲಿ ದೊಡ್ಡ ಕೆಲಸ, ಮಾತೂ ದೊಡ್ಡದು. ಮಗಳು ಕೇತಕಿ ಕಲಿತವಳು, ನೌಕರಿ ಮಾಡುವವಳು. ಚಿಕ್ಕವಳಿದ್ದಾಗ ಸಾಬವ್ವನ ಮನೆಯಲ್ಲೇ ರೊಟ್ಟಿ ಶೇಂಗಾಚಟ್ನಿ ತಿಂದು ಬೆಳೆದಿದ್ದರಿಂದ ಅವಳಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಸಾಬವ್ವ ಅವಳಿಗೆ ಮಾವಶೀ, ಅಂದರೆ ಚಿಕ್ಕಮ್ಮ. ಅವಳನ್ನು ನೋಡಲು ನಾಸಿಕದಿಂದ ಗಂಡಿನ ಕಡೆಯವರು ಬಂದರು. ಅವರು ಗೇಟು ದಾಟಿ ಬರುವುದಕ್ಕೂ ಪುಟ್ಟಿ ಮರದಿಂದ ಇಳಿದು ಬಟ್ಟಲಿಗೆ ಓಡುವುದಕ್ಕೂ ಸರಿಹೋಯಿತು. ಸಾಬವ್ವ ಎದ್ದು ಸೆರಗು ಸರಿಮಾಡಿಕೊಂಡು ಬೀಗರನ್ನು ಕರೆದಳು. ಬೆಕ್ಕು ಅಡ್ಡ ಬಂತು, ನೀವು ಹೋಗುತ್ತಿರುವುದು ಶುಭಕಾರ್ಯಕ್ಕೆ, ಒಂದು ಗಳಿಗೆ ಕೂತು ಹೋಗಿ ಎಂದಳು. ಹುಡುಗನ ತಾಯಿ ನಗುತ್ತಲೇ ಕೂತು ನೀರು ಕುಡಿದಳು. ಮೇಲೆ ಬಾಲ್ಕನಿಯಲ್ಲಿದ್ದ ಅವಧೂತನ ಮುಖ ಕಪ್ಪಿಟ್ಟಿತು.

ಕೆಲವು ದಿನ ಬಿಟ್ಟು ಆ ಕಡೆಯಿಂದ ಯೋಗ ಕೂಡಿಬಂದಿಲ್ಲ ಎಂಬ ಸಂದೇಶ ಬಂತು. ಅವಧೂತ ಸಭೆ ಕರೆದ.

ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಎಲ್ಲರೂ ಕೂತಿದ್ದರು, ಸಾಬವ್ವ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದಳು. ಅವಧೂತ ಮರಾಠಿಯಲ್ಲಿ ಮೆಲ್ಲಗೆ, ನಯವಾಗಿ ಮಾತಾಡಿದ. ನಯವಾಗಿ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಭಯ. ತಾನು ಮೂಢನಂಬಿಕೆಯ ಮನುಷ್ಯನಲ್ಲ ಎಂದ. ಆದರೆ ಬೆಕ್ಕು ಅಪಶಕುನ ಎಂದು ಬೆಕ್ಕಿನವರೇ ದಿನವೂ ಕರೆಕರೆದು ಹೇಳುತ್ತಿರುವಾಗ ತಾನೇನು ಹೇಳಲಿ ಎಂದ. ಅವಳು ಕೊಟ್ಟ ನೀರನ್ನೇ ಅವಳ ಮೇಲೆ ಸಾಕ್ಷಿ ಮಾಡಿಬಿಟ್ಟ.

ನಾನು ಎದ್ದು ನಿಂತೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುವುದನ್ನು ಮರಾಠಿಯಲ್ಲಿ ಬಂದ ಹಾಗೆ ಹೇಳಿದೆ. ಬೀದಿಯ ಪ್ರಾಣಿಯನ್ನೂ ಹೀಗೆ ಎತ್ತಿ ಒಗೆಯಲು ಕಾನೂನಿನಲ್ಲಿ ಅವಕಾಶವಿಲ್ಲ, ಇದಂತೂ ಸಾಕಿದ ಬೆಕ್ಕು ಎಂದೆ. ಸ್ಪೀಕರಿನ ಮಾತನ್ನೂ ಚಪ್ಪಲಿಯ ಮಾತನ್ನೂ ಎತ್ತಿದೆ. ತ್ರಿವೇಣಿಬಾಯಿಗೆ ಬಿಪಿ ಇದೆ, ಅವರು ಕೂಡಲಿ ಎಂದು ಯಾರೋ ಅಂದರು, ನಾಲ್ಕು ಜನ ನಕ್ಕರು. ಕೈ ಎತ್ತಿಸಿದರು. ಬೆಕ್ಕನ್ನು ಕಳಿಸುವುದೆಂದು ಆಯಿತು. ಚನ್ನವೀರ ತನ್ನ ಅಂಗೈ ನೋಡುತ್ತ ಕೂತಿದ್ದ. ಕೇತಕಿ ತಂದೆಯ ಹಿಂದಿನ ಕುರ್ಚಿಯಲ್ಲಿ ಮೊಬೈಲ್ ನೋಡುತ್ತ ಕೂತಿದ್ದಳು. ಸಾಬವ್ವ ಹೇಳಿದ್ದು ಒಂದೇ ಮಾತು.

"ಅದು ನನ್ನ ಕೂಡ ಕೂಡ್ತದ್ರಿ, ಮತ್ತೇನೂ ಮಾಡಂಗಿಲ್ಲ."

ಮುಂದಿನ ಸೋಮವಾರ ಅವಳು ಈಶ್ವರನ ಗುಡಿಗೆ ಹೋಗಿದ್ದಳು, ನಾನು ಕಣ್ಣಿನ ಡಾಕ್ಟರ ಹತ್ತಿರ. ಆ ಹೊತ್ತು ನೋಡಿಯೇ ಅವಧೂತ ಬಲೆಚೀಲ ಹಿಡಿದು ಪ್ರಾಣಿ ಹಿಡಿಯುವ ಇಬ್ಬರನ್ನು ಕರೆಸಿದ್ದ. ಅವರು ಪುಟ್ಟಿಯನ್ನು ಅಟ್ಟಿಸಿಕೊಂಡು ಹೋಗಬೇಕಾಗಲಿಲ್ಲ ಎಂದು ಆಮೇಲೆ ವಾಚ್‌ಮನ್ ಹೇಳಿದ. ಅವರಲ್ಲಿ ಒಬ್ಬ ಕಟ್ಟೆಯ ಮೇಲೆ ಕೂತನಂತೆ, ಪುಟ್ಟಿ ತಾನಾಗಿಯೇ ಬಂದು ಅವನ ತೊಡೆ ಏರಿತಂತೆ. ಕೂತವರೆಲ್ಲ ತನ್ನವರು ಎಂದು ಅದು ತಿಳಿದುಕೊಂಡಿತ್ತು. ಖರಾಡಿಯ ಹೊಳೆದಂಡೆಯಲ್ಲಿ ಮೀನಿನ ಅಂಗಡಿಗಳ ಹಿಂದೆ ಬಿಟ್ಟು ಬಂದರು.

ಸಾಬವ್ವ ಗುಡಿಯಿಂದ ಬಂದು ಖಾಲಿ ಗೋಣಿತಟ್ಟನ್ನು ನೋಡಿದಳು. ಅಳಲಿಲ್ಲ, ಬೈಯಲೂ ಇಲ್ಲ. ಸಂಜೆಯಾದಾಗ ತಂಬಿಗೆ ತುಂಬಿ ಕಟ್ಟೆಯ ಮೇಲೆ ಇಟ್ಟಳು, ಬೆಲ್ಲ ಇಟ್ಟಳು. ಆಮೇಲೆ ಅದರ ಪಕ್ಕದಲ್ಲಿ ನಿಂತಳು. ನಾನು ಇಳಿದು ಬಂದು ಬಾಯಿಗೆ ಬಂದಷ್ಟು ಅವಧೂತನನ್ನು ಬೈದೆ. ಅವಳು ಕೇಳಿಸಿಕೊಂಡಳು.

"ಕೂಡ್ರು ಸಾಬವ್ವಕ್ಕ, ಮಣಕಾಲು ನೋಯ್ತಾವ."

"ಹ್ಯಾಂಗ ಕೂಡ್ಲಿ, ಬಾಯಾರ. ಕೂಡಾಕ ಆಗವಲ್ದು."

ಮರುದಿನವೂ ನಿಂತಳು, ಅದರ ಮರುದಿನವೂ. ತಕ್ಕಡಿಯ ಪಕ್ಕ ನಿಂತಿದ್ದ ಹೆಂಗಸು ಮತ್ತೆ ತಕ್ಕಡಿಯ ಪಕ್ಕಕ್ಕೇ ಹೋಗಿ ನಿಂತ ಹಾಗಿತ್ತು. ಅವಳು ತನ್ನ ಜೀವಮಾನದಲ್ಲಿ ತನಗಾಗಿ ತೆಗೆದುಕೊಂಡದ್ದು ಕೂಡುವ ಆ ಸಂಜೆಯೊಂದನ್ನೇ. ಅದನ್ನೂ ಕೈ ಎತ್ತಿ ತೆಗೆದುಕೊಂಡರು. ನನಗೆ ಊಟ ರುಚಿಸಲಿಲ್ಲ. ಚನ್ನವೀರ ಅಂಗಡಿಗೆ ಹೋಗುವುದನ್ನು ಬಿಟ್ಟು ಖರಾಡಿಯ ಹೊಳೆದಂಡೆಯನ್ನೆಲ್ಲ ಸುತ್ತಿ ಬಂದ. ಅವನಿಗೆ ಮೊಣಕಾಲಿಗಿಂತ ಕೆಳಗೆ ಕನ್ನಡಕವಿದ್ದರೂ ಕಾಣುವುದಿಲ್ಲ, ಬರಿಗೈಯಲ್ಲಿ ಬಂದ.

ಅಂಥ ಒಂದು ಸಂಜೆ ಕೇತಕಿ ಆಫೀಸಿನಿಂದ ಬಂದವಳು ಮೆಟ್ಟಿಲು ಹತ್ತದೆ ಕಟ್ಟೆಯ ಹತ್ತಿರ ನಿಂತಳು. ನಾನೂ ಅಲ್ಲೇ ಇದ್ದೆ. ಯಾವ ಬೆಕ್ಕೂ ಅಡ್ಡ ಬಂದಿರಲಿಲ್ಲ, ಆದರೂ ಸಾಬವ್ವ ಅವಳಿಗೆ ನೀರು ಕೊಟ್ಟಳು. ಹುಡುಗಿ ಕುಡಿಯದೆ ಲೋಟ ಹಿಡಿದುಕೊಂಡೇ ಅಂದಳು.

"ಮಾವಶೀ, ಬೆಕ್ಕಿನಿಂದ ಅಲ್ಲ. ಆ ಹುಡುಗನಿಗೆ ನಾನೇ ಮರುದಿನ ಫೋನ್ ಮಾಡಿ ಬೇಡ ಅಂದೆ. ಮದುವೆಯಾದ ಮೇಲೆ ನೌಕರಿ ಬಿಡಬೇಕು ಅಂದಿದ್ದ. ನಿಮ್ಮ ಕಡೆಯಿಂದಲೇ ಬೇಡ ಅಂದುಬಿಡಿ ಅಂತ ನಾನೇ ಕೇಳಿಕೊಂಡೆ."

"ಅಪ್ಪಗ ಹೇಳಲಿಲ್ಲ?" ಎಂದು ಸಾಬವ್ವ ಕೇಳಿದಳು.

"ಬಾಬಾ ಬೆಕ್ಕಿನ ಮೇಲೆ ಹಾಕಿದರು. ಮನೆಯಲ್ಲಿ ಜಗಳ ಆಗಲಿಲ್ಲ. ಹಾಗೇ ಇರಲಿ ಅಂದುಕೊಂಡೆ."

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಸಭೆಯಲ್ಲಿ ಈ ಹುಡುಗಿ ತಲೆ ತಗ್ಗಿಸಿ ಮೊಬೈಲ್ ಒತ್ತುತ್ತ ಕೂತದ್ದು ಕಣ್ಣಿಗೆ ಕಟ್ಟಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂದು ನಾವು ಸುಮ್ಮನೆ ಬೆಕ್ಕಿಗೆ ಹೆಸರಿಡುತ್ತೇವೆ. ನಾನು ಶುರುಮಾಡುವ ಮೊದಲೇ ಸಾಬವ್ವ ಮಾತಾಡಿದಳು. ಅವಳ ದನಿ ಆವತ್ತು ಮೊದಲ ಸಲ ಗಡುಸಾಗಿತ್ತು.

"ಒಲ್ಲೆ ಅಂದದ್ದು ಭಾಳ ಛಲೋ ಆತು. ನಾ ಒಮ್ಮೆನೂ ಅನ್ನಲಿಲ್ಲ, ಅನ್ನಾಕ ಬರ್ತದ ಅಂತನೂ ಗೊತ್ತಿರಲಿಲ್ಲ. ಆದ್ರ ಕೇತಕಿ, ನಿನ್ನ 'ಒಲ್ಲೆ'ಯನ್ನ ನೀ ಹೊರಬೇಕು. ನನ್ನ ಪುಟ್ಟಿ ತಲಿ ಮ್ಯಾಲೆ ಯಾಕ ಹೊರಿಸಿದಿ? ಅದಕ್ಕ ಬಾಯಿಲ್ಲ. ನಿನಗ ಅದ."

ಕೇತಕಿ ಲೋಟ ಅಲ್ಲೇ ಇಟ್ಟು ಮೇಲೆ ಹೋದಳು. ಸ್ವಲ್ಪ ಹೊತ್ತಿಗೆ ಅವರ ಮನೆಯ ಬಾಗಿಲು ಧಡಾರನೆ ಹಾಕಿದ ಸದ್ದು ಕೇಳಿತು, ಅವಧೂತನ ದನಿ ಎತ್ತರಕ್ಕೆ ಹೋಯಿತು, ಮಗಳ ದನಿ ಅದಕ್ಕಿಂತ ಎತ್ತರಕ್ಕೆ ಹೋಯಿತು. ಇಡೀ ಕಟ್ಟಡ ಟೀವಿ ಸದ್ದು ಕಡಿಮೆ ಮಾಡಿ ಕೇಳಿತು. ತಪ್ಪಿಸಿಕೊಂಡಿದ್ದ ಜಗಳ ಬಡ್ಡಿ ಸಮೇತ ಬಂದಿತ್ತು.

ಮರುದಿನ ಶನಿವಾರ. ಅವಧೂತ ಕಾರಿನ ಕೀಲಿ ಹಿಡಿದು ಕೆಳಗೆ ಬಂದ, ಕೈಯಲ್ಲಿ ತೂತು ಮಾಡಿದ ರಟ್ಟಿನ ಪೆಟ್ಟಿಗೆ. ಮಗಳು ಹಿಂದೆಯೇ ಬಂದು ಮೆಟ್ಟಿಲ ಮೇಲೆ ನಿಂತಳು. ಅವನು ಸಾಬವ್ವನ ಮುಖ ನೋಡದೆ, ತರುತ್ತೇನೆ ಎಂದ. ಕ್ಷಮೆ ಗಿಮೆ ಏನೂ ಇಲ್ಲ. ಬೆಕ್ಕಿನ ಗುರುತು ಹೇಳುತ್ತೇನೆ, ಫೋಟೊ ಇದೆ ಎಂದು ನಾನು ಮೊಬೈಲ್ ತೆಗೆದೆ.

"ಬೇಡ, ಬೇಡ. ದಿನಾ ನೋಡ್ತೇನಲ್ಲ, ಗೊತ್ತಿದೆ" ಎಂದು ಹೊರಟುಹೋದ.

ಬಂದದ್ದು ಸಂಜೆ. ಅಂಗಿಗೆ ಕೆಸರು, ಮೈಯಿಂದ ಮೀನಿನ ವಾಸನೆ, ಮುಂಗೈ ಮೇಲೆ ಉದ್ದುದ್ದ ಗೀರು. ಆ ಗೀರು ನೋಡಿ ನನಗೆ ಆದ ಸಮಾಧಾನವನ್ನು ಮುಚ್ಚಿಡುವುದಿಲ್ಲ. ಗೆದ್ದವನಂತೆ ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟು ಮುಚ್ಚಳ ತೆಗೆದ. ಬೂದಿಬಣ್ಣದ ಬೆಕ್ಕೊಂದು ತಲೆ ಹೊರಗೆ ಹಾಕಿತು. ಅದರ ಕೊರಳು ಬಿಳಿಯಲ್ಲ. ಬಾಲ ಕೋಲಿನ ಹಾಗೆ ನೆಟ್ಟಗಿತ್ತು. ಸಾಬವ್ವ ಎರಡೂ ಕೈಯಿಂದ ಅದನ್ನು ಎತ್ತಿ ಹೊಟ್ಟೆಯ ಕೆಳಗೆ ನೋಡಿದಳು.

"ಇದು ಗಂಡದ್ರಿ" ಎಂದಳು.

ಯಾರೂ ನಗಲಿಲ್ಲ. ಆ ಮನುಷ್ಯ ಬೆಕ್ಕಿನ ಮೇಲೆ ದೂರು ಕೊಟ್ಟಿದ್ದ, ಸಭೆ ಕರೆದಿದ್ದ, ಗಡೀಪಾರು ಮಾಡಿಸಿದ್ದ. ಇಷ್ಟೆಲ್ಲ ಮಾಡುವಾಗ ಅದು ಹೇಗಿದೆ ಎಂದು ಒಮ್ಮೆಯೂ ಕಣ್ಣು ತೆರೆದು ನೋಡಿರಲಿಲ್ಲ. ದಿನಾ ನೋಡುತ್ತೇನೆ ಎಂದಿದ್ದ. ಹಾಗೆ ನೋಡಿದರೆ ಆ ಕಟ್ಟೆಯ ಮೇಲೆ ಕೂತವಳನ್ನಾದರೂ ಅವನು ಯಾವಾಗ ನೋಡಿದ್ದ?

ಸಾಬವ್ವ ಬೆಕ್ಕನ್ನು ಕೆಳಗೆ ಬಿಟ್ಟು ಬಟ್ಟಲಿಗೆ ಹಾಲು ಹಾಕಿದಳು. ಹಸಿದಿತ್ತು, ಸದ್ದು ಮಾಡಿಕೊಂಡು ಕುಡಿಯಿತು. ಆಮೇಲೆ ಅವಳು ತಂಬಿಗೆಯಿಂದ ಲೋಟಕ್ಕೆ ನೀರು ಬಗ್ಗಿಸಿ, ಬೆಲ್ಲದ ತಾಟನ್ನು ಮುಂದೆ ಸರಿಸಿದಳು.

"ಕೂಡ್ರಿ, ಭಾವು."

ಅವಧೂತ ಕೂತ. ಇಷ್ಟು ವರ್ಷ ಆ ಕಟ್ಟೆಯ ಮುಂದೆ ಓಡಾಡಿದವನು ಅದರ ಮೇಲೆ ಕೂತದ್ದು ಅದೇ ಮೊದಲು. ಬೆಲ್ಲ ಕಡಿದು ನೀರು ಕುಡಿದ. ಇನ್ನೊಂದು ಲೋಟ ಕೇಳಿ ಕುಡಿದ. ಸಾಬವ್ವ ಅವನು ಮುಗಿಸುವವರೆಗೂ ಕಾದಳು, ಖಾಲಿ ಪೆಟ್ಟಿಗೆಯನ್ನು ತೆಗೆದು ಅವನ ಕೈಗೆ ಕೊಟ್ಟಳು.

"ನಮ್ಮದರ ಬಾಲ ಡೊಂಕದ, ಕೊರಳು ಬೆಳ್ಳಗದ. ಬಾಯಾರ, ಫೋಟೊ ತೋರಸ್ರಿ ಅವರಿಗೆ. ಹೋಗಿ ಬರ್ರಿ."

"ಈಗಲೇ? ನಾಳೆ..." ಎಂದ ಅವನು. ಮೆಟ್ಟಿಲ ಮೇಲಿದ್ದ ಮಗಳ ಕಡೆ ನೋಡಿದ. ಕೇತಕಿ ಇಳಿದು ಬಂದು ಕಾರಿನ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತಳು. ಅವನು ಎದ್ದು ಎರಡು ಹೆಜ್ಜೆ ಇಡುವಷ್ಟರಲ್ಲಿ, ಹಾಲು ಮುಗಿಸಿದ ಗಂಡುಬೆಕ್ಕು ಬಾಯಿ ನೆಕ್ಕಿಕೊಳ್ಳುತ್ತ ಕಟ್ಟೆಯಿಂದ ಹಾರಿ, ಅವನ ಮುಂದೆಯೇ ದಾರಿ ದಾಟಿ, ಬೇವಿನ ಮರದ ಕಡೆ ಹೋಯಿತು. ಅವಧೂತನ ಕಾಲು ನಿಂತಿತು. ತಿರುಗಿ ತಂಬಿಗೆಯ ಕಡೆ ನೋಡಿದ.

ಸಾಬವ್ವ ತಂಬಿಗೆ ಮುಟ್ಟಲಿಲ್ಲ. ಅವಳು ಗೋಣಿತಟ್ಟನ್ನು ಝಾಡಿಸಿ ಹಾಸಿದಳು. ಗೋಡೆಗೆ ಬೆನ್ನು ಕೊಟ್ಟು, ಅಷ್ಟು ದಿನಗಳ ಮೇಲೆ ಕೂತಳು, ಕಾಲು ಚಾಚಿದಳು.

"ನಿಮ್ಮ ನೀರು ಕುಡದಾಗೇದ. ನಡೀರಿ" ಎಂದಳು. "ನೀವು ಬರೂತನಕ ನಾ ಇಲ್ಲೇ ಕೂತಿರ್ತೀನಿ."